ಬೆಂಡಿನಿಂದ ಈಜುರೆಕ್ಕೆಯವರೆಗೆ: ನೀರಿಗಿಳಿಯುವವರಿಗೆ ಯಾವುದು ಸರಿ?

ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ನೀರಿನ ಅಪಾಯವೂ ಕಡಿಮೆ ಎಂದು ಭಾವಿಸುವುದು ಸಹಜ. ಆದರೆ ವಸ್ತುಸ್ಥಿತಿ ಹಾಗಿಲ್ಲ. ವರ್ಷವಿಡೀ ಹೊಳೆ ಹರಿಯುವ ಊರಿನ ಮಕ್ಕಳು ನೀರಿನ ಜೊತೆಯಲ್ಲೇ ಬೆಳೆದು ಈಜು ಕಲಿಯುತ್ತಾರೆ. ಹಲವು ವರ್ಷಗಳಿಗೊಮ್ಮೆ ಕೆರೆ ತುಂಬುವ ಊರಿನ ಮಕ್ಕಳಿಗೆ ಕಲಿಯಲು ನೀರೇ ಇರುವುದಿಲ್ಲ. ಕೊನೆಗೆ ನೀರು ಬಂದಾಗ ಅದರ ಆಳವೂ ತಿಳಿದಿರುವುದಿಲ್ಲ, ಅದರಿಂದ ಪಾರಾಗುವ ಬಗೆಯೂ ತಿಳಿದಿರುವುದಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಸೇರಿದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ಈ ಮಾತಿಗೆ ನಿದರ್ಶನವಾಗಿವೆ.

ಈಜು ಕಲಿಯಲು ಹೊರಟವರ ಮುಂದೆ ಇಂದು ಹಲವು ಸಾಧನಗಳಿವೆ. ಹಳ್ಳಿಯಲ್ಲಿ ಕತ್ತಾಳೆಯ ಬೆಂಡು, ಎಣ್ಣೆಯ ಖಾಲಿ ಕ್ಯಾನು, ಲಾರಿಯ ಟ್ಯೂಬು ಇವೆ. ನಗರದ ಕ್ರೀಡಾ ಮಳಿಗೆಗಳಲ್ಲಿ ತೋಳಿಗೆ ಹಾಕುವ ಗಾಳಿಚೀಲ, ಲೈಫ್ ಜಾಕೆಟ್, ಕಾಲಿಗೆ ತೊಡುವ ಈಜುರೆಕ್ಕೆ ಸಿಗುತ್ತವೆ. ಎಲ್ಲವೂ ‘ಈಜಿನ ಸಾಮಾನು’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ ಅಥವಾ ಬಳಕೆಯಾಗುತ್ತವೆ. ಆದರೆ ಇವು ಮಾಡುವ ಕೆಲಸ ಒಂದೇ ಅಲ್ಲ. ಕೆಲವು ಕಲಿಯಲು ನೆರವಾಗುತ್ತವೆ, ಒಂದು ಜೀವ ಉಳಿಸುತ್ತದೆ, ಮತ್ತೊಂದು ಈಜು ಬಲ್ಲವರಿಗೆ ವೇಗ ಕೊಡುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿದಾಗಲೇ ಅನಾಹುತಗಳು ಸಂಭವಿಸುತ್ತವೆ.

ಬಾವಿ ಬತ್ತಿತು, ಹೊಂಡ ಬಂತು

ಚಳ್ಳಕೆರೆಯ ಹೆಸರಿನಲ್ಲಿಯೇ ಕೆರೆ ಇದೆ. ಇದೇ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನರು ಇಂದಿಗೂ ಕೆರೆ ಕಟ್ಟಿಸಿದ ಮಹಾಪುರುಷರೆಂದೇ ನೆನೆಯುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಚಿನ್ನಹಗರಿಗೆ ಅಡ್ಡಲಾಗಿ ರಂಗಯ್ಯನದುರ್ಗ ಜಲಾಶಯವಿದೆ. ನೀರನ್ನು ಹಿಡಿದಿಡುವ ವಿದ್ಯೆ ಈ ಸೀಮೆಗೆ ಹೊಸತಲ್ಲ. ಹಾಗೆಯೇ ಈಜುವ ವಿದ್ಯೆಯೂ ಹೊಸತಾಗಿರಲಿಲ್ಲ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ತೋಟದ ಬಾವಿಗಳೇ ಈಜಿನ ಶಾಲೆಗಳಾಗಿದ್ದವು. ಕಲ್ಲಿನ ಮೆಟ್ಟಿಲಿಳಿದು ಅಪ್ಪನೋ ಸೋದರಮಾವನೋ ಹಗ್ಗ ಹಿಡಿದು ನಿಂತರೆ, ಸೊಂಟಕ್ಕೆ ಬೆಂಡು ಕಟ್ಟಿಕೊಂಡ ಹುಡುಗ ಒಂದು ಬೇಸಿಗೆಯಲ್ಲಿ ಈಜುಗಾರನಾಗುತ್ತಿದ್ದ. ಹೆಣ್ಣುಮಕ್ಕಳಿಗೆ ಮಾತ್ರ ಈ ಶಾಲೆಯ ಪ್ರವೇಶ ಬಹುಮಟ್ಟಿಗೆ ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಕೆರೆಯಲ್ಲಿ ಬಟ್ಟೆ ಒಗೆಯುವವರು, ನೀರು ತರುವವರು ಹೆಚ್ಚಾಗಿ ಅವರೇ ಆಗಿದ್ದರು.

ಕೊಳವೆ ಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆಯ ಹೆಸರು ಹಲವು ಬಾರಿ ಕಾಣಿಸಿಕೊಂಡಿದೆ. ಆರಂಗುಲದ ಕೊಳವೆಯಲ್ಲಿ ಯಾರೂ ಈಜು ಕಲಿಯಲಾರರು. ಹೀಗೆ ಒಂದು ತಲೆಮಾರಿಗೂ ಹೆಚ್ಚು ಕಾಲ ಮಕ್ಕಳು ಈಜಿಲ್ಲದೆ ಬೆಳೆದರು.

ಈಗ ನೀರು ಬೇರೆ ರೂಪಗಳಲ್ಲಿ ಮರಳುತ್ತಿದೆ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಡಿ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿ ಹೊಂಡಗಳು ನಿರ್ಮಾಣವಾದವು. 1907ರಲ್ಲಿ ಪೂರ್ಣಗೊಂಡ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಆ ನೀರು ಸಾಗುವುದು ವೇದಾವತಿಯ ಪಾತ್ರದಲ್ಲಿ, ಚಳ್ಳಕೆರೆ ತಾಲ್ಲೂಕಿನ ಮೂಲಕ, ಆಂಧ್ರದ ಕಡೆಗೆ. ಭದ್ರಾ ಮೇಲ್ದಂಡೆ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಯೋಜನೆ ಪೂರ್ಣಗೊಂಡರೆ ಜಿಲ್ಲೆಯ ಹಲವು ಕೆರೆಗಳಿಗೆ ನೀರು ಹರಿಯಲಿದೆ. ಬರದ ನಾಡಿಗೆ ಇದು ಹರ್ಷದ ಸಂಗತಿಯೇ ಸರಿ. ಆದರೆ ಈಜು ಬಾರದ ಮಕ್ಕಳ ನಡುವೆ ಆಳವಾದ ನೀರು ಬಂದು ನಿಲ್ಲುತ್ತಿದೆ ಎಂಬುದೂ ಅಷ್ಟೇ ನಿಜ.

ಹಳೆಯ ಬಾವಿಗೂ ಹೊಸ ಹೊಂಡಕ್ಕೂ ದೊಡ್ಡ ವ್ಯತ್ಯಾಸವಿದೆ. ಬಾವಿಗೆ ಮೆಟ್ಟಿಲಿತ್ತು, ಕೈಗೆ ಸಿಗುವ ಕಲ್ಲಿನ ಸಂದು ಇತ್ತು. ಸಾಮಾನ್ಯವಾಗಿ ಮೂರು ಮೀಟರ್ ಆಳವಿರುವ ಕೃಷಿ ಹೊಂಡದ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತದೆ. ಪಾಚಿ ಕಟ್ಟಿದ ಮೇಲೆ ಆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೂ ಹಿಡಿತ ಸಿಗುವುದಿಲ್ಲ. ಈಜು ಬಲ್ಲ ವಯಸ್ಕರೂ ಅದರಿಂದ ಮೇಲೆ ಬರಲು ಪರದಾಡುತ್ತಾರೆ. ಕೆರೆಗಳದ್ದು ಇನ್ನೊಂದು ಬಗೆಯ ಅಪಾಯ. ವರ್ಷಗಟ್ಟಲೆ ಒಣಗಿದ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತದೆ, ಹೂಳು ಮತ್ತು ಮಣ್ಣು ತೆಗೆದ ಗುಂಡಿಗಳಿರುತ್ತವೆ. ಕೆರೆ ತುಂಬಿದಾಗ ಇವೆಲ್ಲ ನೀರಿನಡಿ ಮರೆಯಾಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮರುಹೆಜ್ಜೆಗೆ ಆಳಕ್ಕೆ ಬೀಳುವುದು ಹೀಗೆ.

ತೇಲುವುದರ ಲೆಕ್ಕ

ಸಾಧನಗಳ ಆಯ್ಕೆಗೆ ಮುನ್ನ ಒಂದು ಸರಳ ಲೆಕ್ಕ ತಿಳಿದಿರಬೇಕು. ಮನುಷ್ಯ ಶರೀರದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರವಿದೆ. ಶ್ವಾಸಕೋಶದ ತುಂಬ ಗಾಳಿ ಇದ್ದಾಗ ಹೆಚ್ಚಿನವರು ತೇಲುತ್ತಾರೆ. ಉಸಿರು ಬಿಟ್ಟಾಗ ಮುಳುಗುತ್ತಾರೆ. ಅಂದರೆ ಶರೀರವನ್ನು ತೇಲಿಸಲು ಬೇಕಾದ ನೆರವು ಅಲ್ಪ. ಕಷ್ಟವಿರುವುದು ತಲೆಯನ್ನು ನೀರಿನಿಂದ ಹೊರಗಿಡುವುದರಲ್ಲಿ. ವಯಸ್ಕರ ತಲೆ ಸುಮಾರು ನಾಲ್ಕರಿಂದ ಐದು ಕಿಲೋ ತೂಗುತ್ತದೆ. ನೀರಿನೊಳಗಿರುವಾಗ ಆ ತೂಕ ಗೊತ್ತಾಗುವುದಿಲ್ಲ. ಹೊರಗೆತ್ತಿದ ಕ್ಷಣ ಅಷ್ಟೂ ಭಾರ ಶರೀರವನ್ನು ಕೆಳಕ್ಕೆ ತಳ್ಳುತ್ತದೆ. ಗಾಬರಿಗೊಂಡವರು ತಲೆ, ಕೈಗಳನ್ನು ಮೇಲೆತ್ತಿದಷ್ಟೂ ಮುಳುಗುವುದಕ್ಕೆ ಇದೇ ಕಾರಣ.

ಯಾವುದೇ ತೇಲುವ ವಸ್ತು ಎಷ್ಟು ಭಾರ ಹೊರುತ್ತದೆ ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ವಸ್ತುವಿನ ಗಾತ್ರ ಎಷ್ಟು ಲೀಟರೋ ಅಷ್ಟು ಕಿಲೋ. ಅದರಲ್ಲಿ ಅದರ ಸ್ವಂತ ತೂಕವನ್ನು ಕಳೆಯಬೇಕು. ಐದು ಲೀಟರಿನ ಖಾಲಿ ಕ್ಯಾನು ಕಾಲು ಕಿಲೋ ತೂಗಿದರೆ ಅದು ಹೊರಬಲ್ಲ ಭಾರ ನಾಲ್ಕೂಮುಕ್ಕಾಲು ಕಿಲೋ.

ಆದರೆ ಭಾರ ಹೊರುವ ಶಕ್ತಿ ಅರ್ಧ ಪ್ರಶ್ನೆ ಮಾತ್ರ. ಉಳಿದರ್ಧ, ಅದನ್ನು ಶರೀರದ ಯಾವ ಭಾಗಕ್ಕೆ ಕಟ್ಟಲಾಗಿದೆ ಎಂಬುದು. ಬೆನ್ನಿಗೆ ಕಟ್ಟಿದ ವಸ್ತು ಬೆನ್ನನ್ನು ಮೇಲಕ್ಕೆತ್ತುತ್ತದೆ; ಆಗ ಮುಖ ಕೆಳಗಾಗುತ್ತದೆ. ಎದೆಗೂ ಕತ್ತಿನ ಹಿಂಭಾಗಕ್ಕೂ ಹೊಂದಿಸಿದ ವಸ್ತು ಮುಖವನ್ನು ಆಕಾಶದ ಕಡೆಗೆ ತಿರುಗಿಸುತ್ತದೆ. ಕಲಿಕೆಯ ಸಾಧನಕ್ಕೂ ಜೀವರಕ್ಷಕ ಸಾಧನಕ್ಕೂ ಇರುವ ಮೂಲ ವ್ಯತ್ಯಾಸ ಇದು.

ಬೆಂಡು ಮತ್ತು ಈಜುಬುರುಡೆ

ಬಯಲುಸೀಮೆಯ ಹೊಲದ ಬದುಗಳಲ್ಲಿ ಕತ್ತಾಳೆ ಅಪರಿಚಿತವಲ್ಲ. ಈ ಗಿಡ ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಹೂ ಬಿಡುವಾಗ ಕಂಬದಂತೆ ಎತ್ತರಕ್ಕೆ ಬೆಳೆಯುವ ಅದರ ದಂಟು ಒಣಗಿದ ಮೇಲೆ ಒಳಗೆಲ್ಲ ಹಗುರವಾದ ತಿರುಳಾಗುತ್ತದೆ. ಇದೇ ಬೆಂಡು. ಅಮೆರಿಕದ ಕೆಲವೆಡೆ ಸಮುದ್ರದ ಅಲೆಯ ಮೇಲೆ ಜಾರುವ ಹಲಗೆಗಳನ್ನೂ ಕತ್ತಾಳೆಯ ದಂಟಿನಿಂದ ಮಾಡುವುದುಂಟು.

ಹತ್ತು ಸೆಂಟಿಮೀಟರ್ ದಪ್ಪ, ಮೂವತ್ತು ಸೆಂಟಿಮೀಟರ್ ಉದ್ದದ ತುಂಡೊಂದರ ಗಾತ್ರ ಸುಮಾರು ಎರಡೂಕಾಲು ಲೀಟರ್. ಅದು ಅರ್ಧ ಕಿಲೋ ತೂಗಿದರೆ ಒಂದೂಮುಕ್ಕಾಲು ಕಿಲೋದಷ್ಟು ಭಾರ ಹೊರುತ್ತದೆ. ಅಂಥ ಮೂರು ನಾಲ್ಕು ತುಂಡುಗಳು ಮಗುವಿಗೆ ಧಾರಾಳವಾಗಿ ಸಾಕು. ಬೆಂಡಿನ ಹಿರಿಮೆ ಇರುವುದು ಈ ತುಂಡುಗಳಲ್ಲಿಯೇ. ಮೊದಲ ದಿನ ನಾಲ್ಕು ಕಟ್ಟಿ, ಧೈರ್ಯ ಬಂದಂತೆ ಒಂದೊಂದನ್ನೇ ಬಿಚ್ಚುತ್ತ ಹೋದರೆ, ಕೊನೆಗೊಂದು ದಿನ ಬೆಂಡೇ ಇಲ್ಲದೆ ಮಗು ಈಜುತ್ತದೆ. ನೆರವನ್ನು ಹಂತಹಂತವಾಗಿ ಕಡಿಮೆ ಮಾಡುವ ಈ ಕ್ರಮವನ್ನೇ ಇಂದು ನಗರದ ಈಜುಕೊಳಗಳಲ್ಲಿ ಸೊಂಟದ ಫೋಮ್ ಪಟ್ಟಿಯಿಂದ ಒಂದೊಂದೇ ತುಂಡು ತೆಗೆಯುತ್ತ ಅನುಸರಿಸಲಾಗುತ್ತದೆ.

ಬೆಂಡನ್ನು ಆರಿಸುವಾಗ ಕೆಲವು ಅಂಶಗಳನ್ನು ಗಮನಿಸಬೇಕು. ದಂಟು ಗಿಡದಲ್ಲಿಯೇ ಒಣಗಿರಬೇಕು; ಹಸಿ ದಂಟು ಭಾರ. ಹುಳು ಹೊಡೆದ, ಬಿರುಕು ಬಿಟ್ಟ ತುಂಡು ನೀರು ಕುಡಿಯುತ್ತದೆ. ಒಳ್ಳೆಯ ಬೆಂಡೂ ಹೊತ್ತು ಕಳೆದಂತೆ ನೀರು ಹೀರಿ ಭಾರವಾಗುವುದರಿಂದ ಪ್ರತಿ ಬಾರಿ ಬಳಸಿದ ನಂತರ ಬಿಸಿಲಿಗೆ ಹಾಕಬೇಕು. ಹಗ್ಗ ಅಗಲವಾದ ಹತ್ತಿಯದ್ದಾಗಿರಬೇಕು. ತೆಳ್ಳಗಿನ ನೈಲಾನ್ ಹುರಿ ಮೈ ಕೊಯ್ಯುತ್ತದೆ, ಒದ್ದೆಯಾದಾಗ ಅದರ ಗಂಟು ಜಾರುತ್ತದೆ.

ಒಣಗಿಸಿದ ಸೋರೆಬುರುಡೆ ಬೆಂಡಿಗಿಂತಲೂ ಹಗುರ. ಕನ್ನಡದಲ್ಲಿ ಇದಕ್ಕೆ ಈಜುಬುರುಡೆ ಎಂಬ ಹೆಸರೇ ಇರುವುದು ಅದರ ಬಳಕೆ ಎಷ್ಟು ಹಳೆಯದೆಂಬುದನ್ನು ಸೂಚಿಸುತ್ತದೆ. ಆದರೆ ಬುರುಡೆ ಕಲ್ಲಿಗೆ ತಾಗಿದರೆ ಒಡೆಯುತ್ತದೆ, ಒಡೆದ ಕೂಡಲೇ ನೀರು ತುಂಬುತ್ತದೆ. ಕಲ್ಲು ಕಟ್ಟಡದ ಬಾವಿಯಲ್ಲಿ ಬೆಂಡೇ ಮೇಲು.

ಬೆಂಡೂ ಬುರುಡೆಯೂ ಬೆನ್ನಿಗೆ ಇಲ್ಲವೇ ಸೊಂಟಕ್ಕೆ ಕಟ್ಟುವಂಥವು. ಅಂದರೆ ಕೈಕಾಲು ಆಡಿಸುತ್ತಿರುವವರಿಗೆ ಮಾತ್ರ ಅವು ನೆರವಾಗುತ್ತವೆ. ಸೋತು ಸುಮ್ಮನಾದವರ ಮುಖವನ್ನು ಅವು ಮೇಲಕ್ಕೆ ತಿರುಗಿಸುವುದಿಲ್ಲ. ಆದ್ದರಿಂದಲೇ ಬಾವಿಯ ಕಾಲದಲ್ಲಿ ಬೆಂಡಿನ ಜೊತೆಗೆ ಹಗ್ಗವೊಂದು ಇರುತ್ತಿತ್ತು, ಅದರ ತುದಿ ದೊಡ್ಡವರ ಕೈಯಲ್ಲಿರುತ್ತಿತ್ತು. ಇಂದು ಬೆಂಡು ಉಳಿದು ಹಗ್ಗ ಹಿಡಿಯುವವರು ಇಲ್ಲವಾದರೆ ಹಳೆಯ ಪದ್ಧತಿಯ ಅರ್ಧವನ್ನಷ್ಟೇ ಪಾಲಿಸಿದಂತೆ.

ಕ್ಯಾನು, ಡಬ್ಬಿ, ಟ್ಯೂಬು

ಎಣ್ಣೆ ಗಿರಣಿಗಳಿಂದ ಹೆಸರು ಪಡೆದ ಚಳ್ಳಕೆರೆಯಲ್ಲಿ ಎಣ್ಣೆಯ ಖಾಲಿ ಕ್ಯಾನಿಗೆ ಬರವಿಲ್ಲ. ಗಟ್ಟಿಯಾದ ಮುಚ್ಚಳವಿರುವ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಬೆಂಡಿಗೆ ಪರ್ಯಾಯವಾಗಬಲ್ಲದು. ಆದರೆ ಮುಚ್ಚಳ ಬಿಗಿದು, ಕ್ಯಾನನ್ನು ಬಕೆಟ್ಟಿನಲ್ಲಿ ಒತ್ತಿ ಹಿಡಿದು ಗುಳ್ಳೆ ಬರುವುದೇ ಎಂದು ಪರೀಕ್ಷಿಸಬೇಕು. ಬಿಸಿಲಿನಲ್ಲಿ ಬಹುಕಾಲ ಬಿದ್ದ ಪ್ಲಾಸ್ಟಿಕ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಪೆಡಸಾಗಿ ಬಿರಿಯುತ್ತದೆ. ಒಂದು ದೊಡ್ಡ ಕ್ಯಾನಿಗಿಂತ ಎರಡು ಸಣ್ಣ ಕ್ಯಾನು ಕಟ್ಟುವುದು ಲೇಸು. ಒಂದು ಕೈಕೊಟ್ಟರೂ ಮತ್ತೊಂದು ಉಳಿಯುತ್ತದೆ.

ಹದಿನೈದು ಕಿಲೋ ಎಣ್ಣೆಯ ಚೌಕಾಕಾರದ ತಗಡಿನ ಡಬ್ಬಿಯನ್ನು ಬಳಸಲೇಬಾರದು. ಅದರ ಅಂಚು ಚಾಕುವಿನಂತಿರುತ್ತದೆ, ತುಕ್ಕು ಹಿಡಿದು ತೂತಾಗಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಅದು ಹದಿನೈದು ಕಿಲೋದಷ್ಟು ಭಾರ ಹೊರುವುದರಿಂದ ಬೆನ್ನಿಗೆ ಕಟ್ಟಿದರೆ ಮಗುವಿನ ಸೊಂಟವನ್ನು ಮೇಲೆತ್ತಿ ತಲೆಯನ್ನು ನೀರಿಗೆ ಅದ್ದುತ್ತದೆ. ತೇಲುವ ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ವಾಹನದ ಟ್ಯೂಬು ಹಳ್ಳಿ, ನಗರಗಳೆರಡರಲ್ಲೂ ಜನಪ್ರಿಯ. ಟ್ಯೂಬಿಲ್ಲದ ಟೈರುಗಳು ಬಂದ ಮೇಲೆ ಇದರ ಲಭ್ಯತೆ ಕಡಿಮೆಯಾಗುತ್ತಿದೆ. ಟ್ಯೂಬಿನ ದೋಷ ಅದರ ನಡುವಿನ ರಂಧ್ರದಲ್ಲಿದೆ. ಮಗುವಿನ ಸೊಂಟ ಸಣ್ಣದು, ರಂಧ್ರ ದೊಡ್ಡದು. ಕೈ ಮೇಲೆತ್ತಿದ ಕ್ಷಣ ಮಗು ಅದರೊಳಗಿಂದ ಜಾರುತ್ತದೆ. ರಂಧ್ರದಲ್ಲಿ ಕಾಲಿಳಿಬಿಟ್ಟು ಮೇಲೆ ಕೂತವರು ಹಿಂದಕ್ಕೆ ಮಗುಚಿದರೆ ತಲೆಕೆಳಗಾಗಿ ಸಿಕ್ಕಿಕೊಳ್ಳುತ್ತಾರೆ. ವಿಶಾಲವಾದ ಕೆರೆಯಲ್ಲಿ ಗಾಳಿ ಬೀಸಿದರೆ ಟ್ಯೂಬು ದಡದಿಂದ ದೂರಕ್ಕೆ ಸಾಗುತ್ತದೆ. ಕೆರೆಯೊಳಗಿನ ಜಾಲಿಯ ಒಂದು ಮುಳ್ಳು ತಾಗಿದರೆ ಅಲ್ಲಿಗೆ ಟ್ಯೂಬಿನ ಕಥೆ ಮುಗಿಯಿತು. ಮಕ್ಕಳ ತೋಳಿಗೆ ಹಾಕುವ ಬಣ್ಣದ ಗಾಳಿಚೀಲಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ಆಟಿಕೆಗಳೇ ಹೊರತು ರಕ್ಷಣಾ ಸಾಧನಗಳಲ್ಲ. ಆದರೆ ದಡದಲ್ಲಿ ಹಗ್ಗ ಕಟ್ಟಿ ಸಿದ್ಧವಾಗಿಟ್ಟ ಟ್ಯೂಬು ಮುಳುಗುತ್ತಿರುವವರಿಗೆ ಎಸೆಯಲು ಉತ್ತಮ ಸಾಧನ. ಟ್ಯೂಬಿನ ಸರಿಯಾದ ಜಾಗ ಅದು.

ಲೈಫ್ ಜಾಕೆಟ್: ಮುಖ ಮೇಲಿರಿಸುವ ಸಾಧನ

ಜೀವ ಉಳಿಸಲೆಂದೇ ರೂಪಿಸಿದ ಸಾಧನ ಲೈಫ್ ಜಾಕೆಟ್. ಇದರಲ್ಲಿಯೂ ದರ್ಜೆಗಳಿವೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಯಸ್ಕರ ಜಾಕೆಟ್‌ಗಳನ್ನು 50, 100, 150 ಮತ್ತು 275 ನ್ಯೂಟನ್ ಎಂದು ವರ್ಗೀಕರಿಸಲಾಗಿದೆ. ಹತ್ತು ನ್ಯೂಟನ್ ಎಂದರೆ ಸರಿಸುಮಾರು ಒಂದು ಕಿಲೋ ಭಾರ ಹೊರುವ ಶಕ್ತಿ. 50ರ ದರ್ಜೆ ಈಜು ಬಲ್ಲವರಿಗೆ, ನೆರವು ಸಮೀಪದಲ್ಲಿರುವ ಕಡೆಗೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಹೊಣೆ ಅದಕ್ಕಿಲ್ಲ. ಕೆರೆ, ಜಲಾಶಯಗಳಂಥ ಶಾಂತ ನೀರಿನಲ್ಲಿ ಈಜು ಬಾರದವರಿಗೆ 100ರ ದರ್ಜೆಯದ್ದಾದರೂ ಬೇಕು. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುವುದರಿಂದ ಒಳಗಿನ ಚೀಟಿಯನ್ನು ಓದದೆ ಕೊಳ್ಳಬಾರದು.

ಅಳತೆ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ದೇಹದ ತೂಕದಿಂದ. ಮಗುವಿಗೆ ಜಾಕೆಟ್ ತೊಡಿಸಿ ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಬೇಕು. ಜಾಕೆಟ್ ಕಿವಿಯವರೆಗೆ ಸರಿದು ಬಂದರೆ ಅದು ದೊಡ್ಡದಾಯಿತು ಎಂದರ್ಥ. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಸಮವಸ್ತ್ರದಂತೆ ದೊಡ್ಡದನ್ನು ಕೊಳ್ಳುವ ರೂಢಿ ಇಲ್ಲಿ ಸಲ್ಲದು. ಚಿಕ್ಕ ಮಕ್ಕಳ ಜಾಕೆಟ್ಟಿಗೆ ಕಾಲುಗಳ ನಡುವೆ ಹಾದುಹೋಗುವ ಪಟ್ಟಿ ಮತ್ತು ತಲೆಗೆ ಆಧಾರವಾಗುವ ಕಾಲರ್ ಇರಬೇಕು. ತೊಟ್ಟು ಗುಂಡಿ ಹಾಕದ ಜಾಕೆಟ್ ನೀರಿಗೆ ಬಿದ್ದ ಕ್ಷಣವೇ ಮೇಲಕ್ಕೆ ಜಾರಿಹೋಗುತ್ತದೆ. ದೋಣಿ ವಿಹಾರಗಳಲ್ಲಿ ಜಾಕೆಟ್ಟನ್ನು ದಿಂಬಿನಂತೆ ಹಾಕಿಕೊಂಡು ಕೂರುವುದರಿಂದ ಒಳಗಿನ ಫೋಮ್ ಅದುಮಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ.

ಲೈಫ್ ಜಾಕೆಟ್ ತೊಟ್ಟು ಈಜು ಕಲಿಯಲು ಸಾಧ್ಯವಿಲ್ಲ ಎಂಬುದೂ ತಿಳಿದಿರಲಿ. ಅದು ಶರೀರವನ್ನು ಬೆನ್ನ ಮೇಲೆ ಮಲಗಿಸಲು ಯತ್ನಿಸುತ್ತಿರುತ್ತದೆ. ಕಲಿಯಲು ಬೆಂಡು, ಪಾರಾಗಲು ಜಾಕೆಟ್ ಎಂದು ಇದನ್ನು ಸಂಗ್ರಹಿಸಿ ಹೇಳಬಹುದು.

ಈಜುರೆಕ್ಕೆ ಯಾರಿಗೆ?

ಕಪ್ಪೆಯ ಪಾದವನ್ನು ಹೋಲುವ, ಫಿನ್ಸ್ ಎಂದು ಕರೆಯುವ ಈಜುರೆಕ್ಕೆಗಳು ಈಗ ಅಂತರಜಾಲದ ಅಂಗಡಿಗಳಿಂದಾಗಿ ತಾಲ್ಲೂಕು ಕೇಂದ್ರಗಳಿಗೂ ತಲುಪುತ್ತಿವೆ. ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೋರ್ಲಿಯು 1933ರಲ್ಲಿ ಇವುಗಳಿಗೆ ಪೇಟೆಂಟ್ ಪಡೆದರು. ರೆಕ್ಕೆ ತೊಟ್ಟ ಪಾದ ಪ್ರತಿ ಒದೆತಕ್ಕೂ ಹೆಚ್ಚು ನೀರನ್ನು ಹಿಂದಕ್ಕೆ ತಳ್ಳುತ್ತದೆ, ಹೀಗಾಗಿ ಶರೀರ ವೇಗವಾಗಿ ಮುಂದೆ ಹೋಗುತ್ತದೆ. ಇವು ಮುಂದಕ್ಕೆ ನೂಕುವ ಸಾಧನಗಳೇ ವಿನಾ ತೇಲಿಸುವ ಸಾಧನಗಳಲ್ಲ. ಅನೇಕ ಬಗೆಯ ರಬ್ಬರ್ ರೆಕ್ಕೆಗಳು ನೀರಿನಲ್ಲಿ ಕಲ್ಲಿನಂತೆ ಮುಳುಗುತ್ತವೆ.

ಈ ರೆಕ್ಕೆಗಳ ಆಯ್ಕೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ತಿಳಿಯಲು ನೀರಿನಡಿಯ ಹಾಕಿ ಆಟವನ್ನು ನೋಡಬಹುದು. 1954ರಲ್ಲಿ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಮುಳುಗುಗಾರ ಅಲನ್ ಬ್ಲೇಕ್ ಆರಂಭಿಸಿದ ಆಟವಿದು. 1980ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಪ್ರತಿ ತಂಡದ ಆರು ಆಟಗಾರರು ಗಾಜಿನ ಮುಖವಾಡ, ಉಸಿರು ಕೊಳವೆ ಮತ್ತು ರೆಕ್ಕೆ ತೊಟ್ಟು ಈಜುಕೊಳದ ತಳದಲ್ಲಿ ಒಂದು ಕಿಲೋಗಿಂತ ಹೆಚ್ಚು ತೂಗುವ ಸೀಸದ ಬಿಲ್ಲೆಯನ್ನು ಗಿಡ್ಡ ಕೋಲಿನಿಂದ ತಳ್ಳುತ್ತ ಎದುರಾಳಿಯ ಗೋಲಿಗೆ ಮುಟ್ಟಿಸಬೇಕು. ಉಸಿರು ಕಟ್ಟಿ ಮುಳುಗುವುದು, ಉಸಿರಿಗಾಗಿ ಮೇಲೇಳುವುದು, ಮತ್ತೆ ಮುಳುಗುವುದು: ಇದೇ ಆಟದ ಲಯ.

ಈ ಆಟಗಾರರು ರೆಕ್ಕೆ ಆರಿಸುವಾಗ ನೋಡುವ ಅಂಶಗಳು ಎಲ್ಲರಿಗೂ ಉಪಯುಕ್ತ. ಮೊದಲನೆಯದು ಪಾದದ ಗೂಡು. ಹಿಮ್ಮಡಿ ಮುಚ್ಚುವ, ಬೂಟಿನಂಥ ರೆಕ್ಕೆಗಳನ್ನೇ ಅವರು ಬಯಸುತ್ತಾರೆ. ಹಿಮ್ಮಡಿಗೆ ಪಟ್ಟಿ ಮತ್ತು ಬಕಲ್ ಇರುವ ರೆಕ್ಕೆ ಸಮುದ್ರದ ಮುಳುಗುಗಾರರಿಗೆ ಅನುಕೂಲಕರವಾದರೂ ಗುಂಪಿನ ಆಟದಲ್ಲಿ ಇತರರ ಮೈಗೆ ತಾಗಿ ಗಾಯ ಮಾಡುತ್ತದೆ. ಎರಡನೆಯದು ಅಲಗಿನ ಉದ್ದ. ಅತಿ ಉದ್ದದ ಅಲಗು ನೇರ ಓಟಕ್ಕೆ ಒಳ್ಳೆಯದು, ಆದರೆ ಥಟ್ಟನೆ ತಿರುಗಲು ಬಿಡುವುದಿಲ್ಲ. ಅತಿ ಗಿಡ್ಡದ್ದು ಬೇಗ ತಿರುಗುತ್ತದೆ, ತಳ್ಳುವ ಬಲ ಸಾಲದು. ಮೂರನೆಯದು ಅಲಗಿನ ಬಿಗಿತ. ಬಿಗಿಯಾದ ಅಲಗು ಹೆಚ್ಚು ನೂಕುತ್ತದೆ. ಪ್ರತಿಯಾಗಿ ಮೀನಖಂಡದ ಬಲವನ್ನು ಕೇಳುತ್ತದೆ. ಬಲವಿಲ್ಲದವರಿಗೆ ಕೆಲವೇ ನಿಮಿಷದಲ್ಲಿ ಸೆಡೆತ ಬರುತ್ತದೆ. ಪ್ಲಾಸ್ಟಿಕ್, ರಬ್ಬರ್, ಗಾಜಿನ ನಾರು, ಇಂಗಾಲದ ನಾರು ಎಂಬ ಸಾಮಗ್ರಿಗಳ ಬೆಲೆ ವ್ಯತ್ಯಾಸ ಅಪಾರ. ಹೊಸಬರು ದುಬಾರಿಯಾದದ್ದನ್ನು ಕೊಂಡರೆ ಆಟ ಸುಧಾರಿಸುವ ಬದಲು ಕಾಲು ನೋವು ಬರುವುದೇ ಹೆಚ್ಚು.

ಅಳತೆ ನೋಡುವ ಕ್ರಮ ಸರಳ. ಕುಳಿತು ತೊಟ್ಟು, ಪಾದವನ್ನು ಎಲ್ಲ ಕಡೆಗೂ ತಿರುಗಿಸಬೇಕು. ಹಿಮ್ಮಡಿ ಜಾರಬಾರದು, ಬೆರಳುಗಳು ಮಡಚಬಾರದು. ಒಣಗಿದಾಗ ತುಸು ಸಡಿಲವೆನಿಸಿದರೆ ನೀರಿನಲ್ಲಿ ಇನ್ನಷ್ಟು ಸಡಿಲವಾಗುತ್ತದೆ. ತೊಟ್ಟು ನಡೆಯಬೇಕಾದರೆ ಹಿಂದುಹಿಂದಕ್ಕೆ ನಡೆಯಬೇಕು. ಮುಂದಕ್ಕೆ ನಡೆದರೆ ಮುಗ್ಗರಿಸುವುದು ಖಚಿತ.

ಈಜು ತರಬೇತುದಾರರು ಗಿಡ್ಡ ರೆಕ್ಕೆಗಳನ್ನು ಕಲಿಯುವವರಿಗೂ ತೊಡಿಸುವುದುಂಟು. ಒದೆತ ಮಂಡಿಯಿಂದಲ್ಲ, ಸೊಂಟದಿಂದ ಬರಬೇಕೆಂಬುದು ಆಗ ಬೇಗ ಅರ್ಥವಾಗುತ್ತದೆ. ಆದರೆ ತೇಲಲು ಬಾರದವರಿಗೆ ರೆಕ್ಕೆ ತೊಡಿಸಿ ಆಳಕ್ಕೆ ಬಿಡುವುದು ಅಪಾಯಕಾರಿ. ರೆಕ್ಕೆಯ ಬಲದಿಂದ ಹೋದಷ್ಟು ದೂರವನ್ನು ಅದು ಕಳಚಿಕೊಂಡಾಗ ಮರಳಿ ಬರಲು ಅವರಿಂದಾಗದು. ಇನ್ನು ಕೆರೆ, ಬಾವಿಗಳಲ್ಲಿ ರೆಕ್ಕೆ ಕೆಸರು ಕದಡಿ ನೀರನ್ನು ಕುರುಡಾಗಿಸುತ್ತದೆ. ಮುಳುಗಿದ ಜಾಲಿಯ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಈಜುಕೊಳದ ತಿಳಿನೀರಿಗೆ ಒಪ್ಪುವ ಸಾಧನ ಕೆರೆಗೆ ಒಪ್ಪುವುದಿಲ್ಲ.

ದಡದಲ್ಲಿರಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಇವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗು ಸಾವು ತಡೆ ದಿನವೆಂದು ಘೋಷಿಸಿತು. ಎಳೆಯ ಮಕ್ಕಳನ್ನು ನೀರಿನಿಂದ ದೂರವಿಡುವ ಬೇಲಿ, ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ಸುರಕ್ಷಾ ಶಿಕ್ಷಣ, ದಾರಿಹೋಕರಿಗೂ ರಕ್ಷಣಾ ತರಬೇತಿ ಎಂಬುವು ಆರೋಗ್ಯ ಸಂಸ್ಥೆಯ ಮುಖ್ಯ ಸಲಹೆಗಳು. ಕೃಷಿ ಭಾಗ್ಯ ಯೋಜನೆ 2023-24ರಲ್ಲಿ ಮರುಜಾರಿಯಾದಾಗ ಹೊಂಡದ ಸುತ್ತ ತಂತಿ ಬೇಲಿಯೂ ಅದರ ಭಾಗವಾಯಿತು. ಬೇಲಿಯ ಜೊತೆಗೆ ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ, ಬಿದ್ದವರಿಗೆ ಹಿಡಿದು ಏರಲು ಆಧಾರ ಸಿಗುತ್ತದೆ. ಇದರ ಖರ್ಚು ಅತ್ಯಲ್ಪ.

ಮುಳುಗುತ್ತಿರುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕರೆಯುವುದು ಅಪರೂಪ. ಉಸಿರಾಡಲೇ ಆಗದವರಿಗೆ ಕೂಗಲು ಉಸಿರೆಲ್ಲಿ? ಸದ್ದಿಲ್ಲದೆ, ಒಂದು ನಿಮಿಷದೊಳಗೆ ಎಲ್ಲವೂ ಮುಗಿಯಬಹುದು. ಅವರನ್ನು ಹಿಡಿಯಲು ಹಾರಿದವರೂ ಜೊತೆಯಲ್ಲೇ ಮುಳುಗಿದ ಘಟನೆಗಳು ಪ್ರತಿ ಬೇಸಿಗೆಯಲ್ಲೂ ವರದಿಯಾಗುತ್ತವೆ. ಆದ್ದರಿಂದ ಮೊದಲು ಕೋಲು ಚಾಚಬೇಕು, ಇಲ್ಲವೇ ಹಗ್ಗ, ಟ್ಯೂಬು, ಕ್ಯಾನು ಎಸೆಯಬೇಕು. ತರಬೇತಿ ಇಲ್ಲದವರು ನೀರಿಗಿಳಿಯಬಾರದು. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ಮೂವರು ಮಹಿಳೆಯರು ತಾವು ಉಟ್ಟಿದ್ದ ಸೀರೆಗಳನ್ನೇ ಎಸೆದು ಇಬ್ಬರು ಯುವಕರನ್ನು ದಡ ಸೇರಿಸಿದರು. ಐದೂವರೆ ಮೀಟರ್ ಉದ್ದದ ಬಟ್ಟೆಗಿಂತ ಬೇಗ ಕೈಗೆ ಸಿಗುವ ಹಗ್ಗ ಮತ್ತೊಂದಿಲ್ಲ. ಸೀರೆಗೇ ಹೆಸರಾದ ಮೊಳಕಾಲ್ಮುರಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲೆತ್ತಿದವರು ಉಸಿರಾಡದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ತಿರುಗಿಸುವುದು ಸಲ್ಲದು. ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ ಎದೆಯ ನಡುವೆ ಒತ್ತಬೇಕು. ಜೊತೆಯಲ್ಲಿರುವವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಸತ್ತವರು ಬದುಕುತ್ತಾರೆಂಬ ಸುಳ್ಳನ್ನು ನಂಬಿ 2022ರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಬಾಲಕನೊಬ್ಬನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಡಲಾಯಿತು. ಉಪ್ಪಿಗೆ ಅಂಥ ಶಕ್ತಿ ಇಲ್ಲ. ಇಂಥ ನಂಬಿಕೆಗಳಿಂದ ವ್ಯರ್ಥವಾಗುವುದು ಉಸಿರು ಕೊಡಬಹುದಾಗಿದ್ದ ಮೊದಲ ಕೆಲವು ನಿಮಿಷಗಳು.

ಸಾಧನ ಯಾವುದೇ ಇರಲಿ, ಕೊಳ್ಳುವ ಇಲ್ಲವೇ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ತೊಟ್ಟವರು ಕೈಕಾಲು ಆಡಿಸುವುದನ್ನು ನಿಲ್ಲಿಸಿದರೆ ಅವರ ಮುಖ ಎಲ್ಲಿರುತ್ತದೆ? ನೀರಿನ ಮೇಲೆ ಎಂದಾದರೆ ಅದು ರಕ್ಷಣೆಯ ಸಾಧನ. ಅಲ್ಲ ಎಂದಾದರೆ, ಅದು ಬೆಂಡಾಗಲಿ, ಟ್ಯೂಬಾಗಲಿ, ಸಾವಿರಾರು ರೂಪಾಯಿಯ ಈಜುರೆಕ್ಕೆಯಾಗಲಿ, ದಡದಲ್ಲಿ ಹಗ್ಗ ಹಿಡಿದು ನಿಂತ ಒಬ್ಬರು ಇರಲೇಬೇಕು.